ಮಾಮೂಲಿ ಕಟ್ಟು

ಅಪ್ಪ ಶಿಗ್ಗಾಂವದಾಗ ಕಾಳಿನ ಅಡತಿ ಅಂಗಡ್ಯಾಗ ತೂಕ ಮಾಡ್ತಿದ್ದ. ಎಂಬತ್ತನೇ ಇಸ್ವಿ ಆಸುಪಾಸು ಆ ಅಂಗಡಿ ಮುಚ್ಚಿತು. ಪಗಾರ ನಿಂತರೂ ಸಂತಿ ದಿನ ಅವನ ಚೀಲ ಮೊದ್ಲಿನಂಗ ಉಬ್ಬೇ ಬರ್ತಿತ್ತು: ಸವಣೂರ ವೀಳ್ಯದೆಲಿ ನೂರು, ಚಾದ ಜೋಡಿ ತಿನ್ನಾಕ ಅರ್ಧ ಕಿಲೋ ಖಾರಾ, ಮ್ಯಾಲಿನ ನಮೂನಿ ಚಾಪುಡಿ. ಅವ್ವ ಬಡಕೊಂಡಳು. ನಾನೂ ಬಿಡ್ಲಿಲ್ಲ. "ನಿನ್ನ ಕೈಗೆ ಏನ್ ದೆವ್ವ ಬಡದೈತೇನಪಾ?" ಅಂದೆ. ಅಪ್ಪ ನಕ್ಕ, ಅಷ್ಟ.

ನಂದು ಆಗ ಬಿ.ಎ. ಕಡೀ ವರ್ಷ. ಅರ್ಥಶಾಸ್ತ್ರದ ಮಾಸ್ತರರು ಒಂದಿನ ಹೇಳಿದ್ರು: ಮಂದಿ ಇವತ್ತಿನ ಗಳಿಕಿ ನೋಡಿ ಅಷ್ಟ ಖರ್ಚು ಮಾಡೂದಿಲ್ಲ, ನಿನ್ನೆ ಮಾಡಿದ ಖರ್ಚಿನ ರೂಢಿ ಅವರನ್ನ ಎಳೀತೈತಿ, ಗಳಿಕಿ ಪಟ್ನ ಇಳೀತೈತಿ, ಖರ್ಚು ಮೆಲ್ಲಕ ಇಳೀತೈತಿ. ಹಲಗಿ ಮ್ಯಾಲ ಎರಡು ಗೆರಿ ಎಳದು ತೋರಿಸಿದ್ರು. ನಾ ವಹಿಯೊಳಗ ಬರಕೊಂಡು, ಬಾಜೂಕ 'ನಮ್ಮಪ್ಪ' ಅಂತ ಗೀಚಿ ನಕ್ಕೆ. ಎಂಥಾ ಸೊಕ್ಕು ನಂದು!

ಪರೀಕ್ಷಾ ಫೀ ತುಂಬೋ ಕಡೀ ದಿನದ ಹಿಂದಿನ ದಿನಾನ ಸಂತಿ. ಅವ್ವ ಅಕ್ಕಿ ಡಬ್ಬಿಯೊಳಗ ಮುಚ್ಚಿಟ್ಟಿದ್ದ ರೊಕ್ಕ ನನ್ನ ಕೈಯಾಗಿಟ್ಟಳು. "ನಿಮ್ಮಪ್ಪಗ ಕೊಡೂದಿಲ್ಲ. ಬ್ಯಾಳಿ, ಉಪ್ಪು ತಗೊ. ಉಳದದ್ದು ನಿನ್ನ ಫೀ."

ಉಪ್ಪು, ಬ್ಯಾಳಿ ಕೇಳೂದ್ರೊಳಗ ಅಂಗಡಿಕಾರ, "ನಿಮ್ಮಪ್ಪಾರ ಮಾಮೂಲಿ ಕಟ್ಟಿಟ್ಟೇನಿ ನೋಡ್ರಿ" ಅಂತ ಗಂಟು ಮುಂದ ಸರಿಸಿದ. ಎಲಿ, ಖಾರಾ, ಚಾಪುಡಿ. ಬಾಜೂಕ ಅಪ್ಪನ ಹಳೇ ಅಡತಿ ಮಂದಿ ನಿಂತಿದ್ರು, ನನ್ನನ್ನ ನೋಡಾಕತ್ತಿದ್ರು. "ಬ್ಯಾಡ್ರಿ" ಅನ್ನೂದು ಎಷ್ಟೊತ್ತಿನ ಮಾತು? ನಾಲಿಗಿ ಏಳ್ಲಿಲ್ಲ. ಏನ್ ಮಾಡ್ಲಿ, ಫೀದ ರೊಕ್ಕಾನೂ ಕೊಟ್ಟುಬಿಟ್ಟೆ.

ಗಂಟು ನೋಡಿ ಅವ್ವ ಗೋಡಿಗೆ ಆನ್ಕೊಂಡು ಕುಂತಳು. ಕೈಗಡ ಕೇಳಾಕ ಯಾವ ಮನಿಯೂ ಉಳದಿರ್ಲಿಲ್ಲ. ಅಪ್ಪ ಒಂದು ಎಲಿ ತಗೊಂಡು ತೊಡಿ ಮ್ಯಾಲ ಒರಸಿದ. ತಿನ್ಲಿಲ್ಲ, ಹಂಗ ಹಿಡಕೊಂಡ ಕುಂತ.

"ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲೇನವಾ?" ಅಂದ. "ನನಗೂ ಬರೂದಿಲ್ಲ. ವಾರಾ ವಾರಾ ಇವತ್ತು ಬ್ಯಾಡ ಅಂದ ಬಿಡಬೇಕಂತನ ಹೋಗ್ತೇನಿ."

ನನಗ ಅಳು ತಡೀಲಿಲ್ಲ. ಅವನನ್ನ ಎಷ್ಟು ಹಂಗಿಸಿದ್ದೆ ನಾನು!

ಆ ವರ್ಷ ನಾ ಪರೀಕ್ಷಾಕ ಕೂಡ್ಲಿಲ್ಲ. ಮುಂದಿನ ಸಂತಿಗೆ ಅಪ್ಪನ ಹೋದ. ಹೊಳ್ಳಿ ಬಂದಾಗ ಚೀಲ ಉಬ್ಬಿತ್ತು, ಕೈಯಾಗಿನ ಗಡಿಯಾರ ಇರ್ಲಿಲ್ಲ. ಚೀಲ ಇಸ್ಕೊಂಡು ಒಳಗ ಹೋಗಿ ಚಾಕ್ಕ ನೀರಿಟ್ಟೆ.