ಪುಂಡಿಯಲ್ಲದ ಗಿಡ

ಮಗಳು ಮೆಲ್ಬರ್ನಿನಿಂದ ತಾನಾಗಿ ಮೊದಲ ಸಲ ಫೋನ್ ಮಾಡಿದ್ದು ಒಂದು ಗಿಡದ ಸಲುವಾಗಿ. ಫೆಬ್ರುವರಿಯಲ್ಲಿ ಓದಲೆಂದು ಸಿಡ್ನಿ ಬಿಟ್ಟು ಹೋದವಳು, ಮೇ ತಿಂಗಳವರೆಗೆ ನಾನು ಮಾಡಿದರೆ ಎತ್ತುತ್ತಿದ್ದಳು, ಅದೂ ಮೂರು ಸಲಕ್ಕೊಮ್ಮೆ. ಊಟ ಆಯಿತೇ ಎಂದರೆ ‘ಯಾ’, ಚಳಿ ಇದೆಯೇ ಎಂದರೆ ‘ಯಾ’. ಅಷ್ಟಕ್ಕೇ ಫೋನ್ ಇಡುತ್ತಿದ್ದಳು. ಆ ಸಂಜೆ ನಾನು ಅಕ್ಕಿ ತೊಳೆಯುತ್ತಿದ್ದೆ. ಫೋನಿನ ಮೇಲೆ ಅವಳ ಹೆಸರು ಕಂಡಾಗ ಕೈ ಒರೆಸಿಕೊಳ್ಳದೆಯೇ ಎತ್ತಿದೆ.

“ಅಮ್ಮಾ, ನೀ ಕೊಟ್ಟಿದ್ಯಲ್ಲಾ ಪುಂಡಿ ಬೀಜ, ಅದು ಬಂದದ. ಬಟ್ ಲೀವ್ಸ್ ಎಲ್ಲಾ ಯೆಲ್ಲೋ ಆಗ್ಲಿಕತ್ತಾವ. ವಾಟ್ ಡು ಐ ಡೂ?”

ಪುಂಡಿ ಎಂದರೆ ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಜೀವ. ಹುಳಿ ಸೊಪ್ಪು. ಅದರ ಪಲ್ಯ, ಜೋಳದ ರೊಟ್ಟಿ, ಮೇಲೊಂದಿಷ್ಟು ಹಸಿ ಎಣ್ಣೆ ಇದ್ದರೆ ನಮಗೆ ಬೇರೇನೂ ಬೇಡ. ಬೀಜ ಕಳಿಸಿದ್ದು ಹುಬ್ಬಳ್ಳಿಯ ನನ್ನ ನಾದಿನಿ, ಕಸ್ಟಮ್ಸ್‌ನವರ ಕಣ್ಣು ತಪ್ಪಿಸಲು ಕುಪ್ಪಸದ ಖಣದ ಅಂಚಿನೊಳಗೆ ಹೊಲಿದು. ಸಿಡ್ನಿಯಲ್ಲಿ ನಾನು ಹಾಕಿದ್ದು ಮೊಳೆಯಲಿಲ್ಲ. ಉಳಿದದ್ದನ್ನು ಮಗಳ ಬ್ಯಾಗಿನಲ್ಲಿ ಹಾಕಿದ್ದೆ. ಅವಳು ಅದನ್ನು ಕಸದ ಬುಟ್ಟಿಗೆ ಎಸೆದಿರುತ್ತಾಳೆ ಎಂದೇ ತಿಳಿದಿದ್ದೆ.

ಮೇ ತಿಂಗಳಲ್ಲಿ, ಮೆಲ್ಬರ್ನಿನ ಚಳಿಯಲ್ಲಿ, ಪುಂಡಿ ಮೊಳೆಯಿತೇ? ಮನಸ್ಸಿನಲ್ಲಿ ಪ್ರಶ್ನೆ ಬಂತು, ಬಂದಷ್ಟೇ ಬೇಗ ಹೋಯಿತು. ಆಗ ನನಗೆ ಎಲ್ಲವೂ ಹಾಗೇ ಬಂದು ಹೋಗುತ್ತಿತ್ತು. ಅವಳ ಅಪ್ಪ ತೀರಿಹೋಗಿ ಹತ್ತು ತಿಂಗಳಾಗಿತ್ತು. ನಾನು ಕೌನ್ಸಿಲ್ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ, ಕುಕ್ಕರ್ ಇಡುತ್ತಿದ್ದೆ. ದುಃಖವಾಗುತ್ತಿತ್ತು ಎಂದು ಹೇಳಿದರೆ ಸುಳ್ಳಾದೀತು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ದವಡೆ ನಮ್ಮದೇ ಆದರೂ ನಮ್ಮದಲ್ಲ ಅನ್ನಿಸುತ್ತದೆ. ಇಡೀ ಮೈ ಹಾಗಿತ್ತು.

ನಾವು ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಮನೆ ಕಟ್ಟಿಸಿದ ವರ್ಷವೇ ಅದೆಲ್ಲ ಆದದ್ದು. ಹೊಸ ಸಬರ್ಬ್, ಅರ್ಧ ರಸ್ತೆ ಇನ್ನೂ ಮಣ್ಣು. ಬಿಲ್ಡರ್ ಮನೆ ತುಂಬ ಹಳದಿ ಬೆಳಕಿನ ದೀಪ ಹಾಕಿಕೊಟ್ಟಿದ್ದ. ಚೆನ್ನಾಗಿ ಕಾಣುತ್ತದೆ ಎಂದು ನಮ್ಮವರೇ ಆರಿಸಿದ್ದರು. ಒಂದು ಶನಿವಾರ ಕನ್ನಡದವರೆಲ್ಲ ಪಾರ್ಕಿನಲ್ಲಿ ಸೇರಿ ಊಟ ಮಾಡುತ್ತಿದ್ದಾಗ ಉಡುಪಿಯ ಆಂಟಿಯೊಬ್ಬರು ಪಾಯಸ ಬಡಿಸುತ್ತ ಸೌಟು ಹಿಡಿದೇ ನಿಂತುಬಿಟ್ಟರು. “ನಿಮ್ಮ ಯಜಮಾನರ ಕಣ್ಣು ಹಳದಿ ಉಂಟಲ್ಲ ಮಾರಾಯ್ರೆ, ನೀವು ನೋಡ್ಲಿಲ್ವಾ?” ಎಂದರು. ಬಿಸಿಲಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಸೋಮವಾರ ಡಾಕ್ಟರ ಹತ್ತಿರ ಹೋದೆವು. ಮೇದೋಜೀರಕದಲ್ಲಿ ಗಡ್ಡೆ ಇತ್ತು. ಈ ಕಾಮಾಲೆ ಶುರುವಾಗಿ ಒಂದೆರಡು ತಿಂಗಳಾದರೂ ಆಗಿದೆ, ಆಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಎಂದರು. ಹತ್ತು ವಾರದಲ್ಲಿ ಎಲ್ಲ ಮುಗಿಯಿತು.

ನಾನು ಧಾರವಾಡದಲ್ಲಿ ಕೃಷಿ ಪದವಿ ಮಾಡಿದವಳು. ಆ ಪದವಿಯಿಂದ ಈ ದೇಶದಲ್ಲಿ ನನಗೆ ಮೂರು ಕಾಸಿನ ಉಪಯೋಗವಾಗಲಿಲ್ಲ, ಆದರೆ ಎಲೆ ನೋಡಿ ಗಿಡದ ರೋಗ ಹೇಳುವ ಚಟ ಮಾತ್ರ ಬಿಡಲಿಲ್ಲ. ವಾಕಿಂಗ್ ಹೋದರೆ ಕಂಡವರ ಬೇಲಿಗೆ ಮೂಗು ತೂರಿಸಿ ಇದಕ್ಕೆ ಇಂಥದ್ದು ಕಡಿಮೆಯಾಗಿದೆ ಎಂದು ಪುಕ್ಕಟೆ ಉಪದೇಶ ಕೊಡುತ್ತಿದ್ದೆ. ಮಗಳಿಗೆ ನಾಚಿಕೆಯಾಗಿ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಅದನ್ನೇ ಎತ್ತಿ ಆಡಿದಳು.

“ರೋಡಿನ ಆಚೀ ಕಡೆ ಇರೋ ಲೆಮನ್ ಟ್ರೀಗೆ ಏನಾಗ್ಯದ ಅಂತ ಹೇಳ್ತಿ. ಅಪ್ಪನ್ನ ದಿನಾ ನೋಡ್ತಿದ್ದಿ. ಹೌ ಡಿಡ್ ಯು ನಾಟ್ ಸೀ?”

“ಕಾಣಲಿಲ್ಲ,” ಎಂದೆ. ಅವಳು ನನ್ನ ಜತೆ ಮಾತಾಡುವುದನ್ನು ಬಿಟ್ಟದ್ದು ಅಂದಿನಿಂದ. ಮೆಲ್ಬರ್ನಿಗೆ ಹೋದದ್ದೂ ಓದಿಗಿಂತ ಹೆಚ್ಚಾಗಿ ನನ್ನಿಂದ ದೂರ ಹೋಗಲೆಂದೇ.

ಅಂಥವಳು ಈಗ ಎಲೆ ಹಳದಿಯಾಗಿದೆ ಎಂದು ನನ್ನನ್ನೇ ಕೇಳುತ್ತಿದ್ದಳು. ಆ ಪದ ನಮ್ಮಿಬ್ಬರ ನಡುವೆ ಬಂದು ಎಷ್ಟೋ ದಿನವಾಗಿತ್ತು. ನಾನು ಕ್ರಮವಾಗಿ ಕೇಳತೊಡಗಿದೆ. ಯಾವ ಎಲೆ, ಕೆಳಗಿನವೋ ಮೇಲಿನವೋ? ಕೆಳಗಿನವು. ಎಲೆ ಪೂರಾ ಹಳದಿಯೋ, ನರ ಹಸಿರಿದ್ದು ನಡುವೆ ಹಳದಿಯೋ? ಪೂರಾ. ಮಣ್ಣು ಮುಟ್ಟಿದರೆ ಹೇಗಿದೆ? ಒದ್ದೆ. ದಿನಾ ನೀರು ಹಾಕುತ್ತೀಯಾ? ಹ್ಞೂಂ, ಎರಡು ಸಲ. ಕುಂಡಕ್ಕೆ ತೂತು ಇದೆಯೇ? ನೋಡಿ ಬಂದು, ಇಲ್ಲ ಎಂದಳು.

ಇನ್ನು ಕೇಳುವುದೇನಿದೆ? ನೀರು ಹೆಚ್ಚಾಗಿ ಬೇರಿಗೆ ಉಸಿರುಕಟ್ಟಿತ್ತು. ಮೊದಲ ವರ್ಷದ ವಿದ್ಯಾರ್ಥಿಯೂ ಹೇಳುವಂಥದ್ದು. ಕುಂಡಕ್ಕೆ ತೂತು ಮಾಡು, ಮಣ್ಣು ಒಣಗುವ ತನಕ ನೀರು ಹಾಕಬೇಡ ಎಂದರೆ ಮುಗಿಯಿತು. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೇಳಿಬಿಟ್ಟರೆ ಅವಳು ‘ಓಕೆ, ಥ್ಯಾಂಕ್ಸ್’ ಎಂದು ಫೋನ್ ಇಡುತ್ತಾಳೆ, ಮತ್ತೆ ಮಾಡುವುದಿಲ್ಲ.

“ಸ್ವಲ್ಪ ಬೆಳಕ ಕಡಿಮಿ ಆಗಿರಬೇಕು. ಕಿಡಕಿ ಕಡೆ ಸರಿಸಿ ಇಡು. ಎರಡು ದಿನ ಬಿಟ್ಟು ಹೆಂಗದ ಅಂತ ಹೇಳು,” ಎಂದೆ.

ಎರಡು ದಿನ ಬಿಟ್ಟು ಸರಿಯಾಗಿ ಆರು ಗಂಟೆಗೆ ಅವಳ ಫೋನ್ ಬಂತು.

ಪುಂಡಿ ಬಗ್ಗೆ ಅನುಮಾನವಿದ್ದೇ ಇತ್ತು. ಒಂದು ಎಲೆ ಬಾಯಿಗೆ ಹಾಕಿಕೊಂಡು ನೋಡು, ಹುಳಿ ಇದೆಯೇ ಎಂದೆ. ಹಿಂದೆ ಯಾರೋ ಹುಡುಗಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. “ಹ್ಞಾಂ, ಹುಳಿ ಅದ,” ಎಂದಳು ಮಗಳು. ಒಂದು ಫೋಟೋ ಕಳಿಸು ಎಂದೆ. ಬೇಡ ಎನ್ನಲಾಗದೆ ಮರುದಿನ ಈಮೇಲ್ ಮಾಡಿದಳು. ಲೈಬ್ರರಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ.

ಬೆರಳು ಬಿಡಿಸಿದ ಅಂಗೈಯ ಹಾಗಿನ ಎಲೆ. ಪುಂಡಿಯ ಎಲೆಯೂ ಹಾಗೇ ಇರುತ್ತದೆ. ನಮ್ಮ ಕಡೆ ಬಂದ ಹೊರಗಿನವರು ಹೊಲದ ಬದುವಿನ ಪುಂಡಿ ನೋಡಿ ಗಾಂಜಾ ಎಂದು ಕಣ್ಣು ಕಣ್ಣು ಬಿಡುವುದುಂಟು. ಆದರೆ ಪುಂಡಿಯ ಬೆರಳುಗಳು ಬುಡದಲ್ಲಿ ಕೂಡಿರುತ್ತವೆ. ಇಲ್ಲಿ ಐದೂ ಬೇರೆ ಬೇರೆಯಾಗಿದ್ದವು, ಅಂಚಿಗೆ ಗರಗಸದ ಹಲ್ಲು. ಗಿಡದ ಹಿಂದೆ ತೂಗುಹಾಕಿದ ಕೋಟುಗಳು, ಮೇಲೊಂದು ದೀಪ ಕಾಣುತ್ತಿದ್ದವು. ನಮ್ಮ ಕಡೆ ಭಂಗಿ ಎನ್ನುತ್ತಾರೆ, ಎಲ್ಲರಿಗೂ ಗೊತ್ತಿರುವ ಹೆಸರು ಗಾಂಜಾ. ನನ್ನ ಮಗಳು ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಬಾಡಿಗೆ ಮನೆಯಲ್ಲಿ, ಬಟ್ಟೆಯ ಕಪಾಟಿನಲ್ಲಿ ದೀಪ ಹಾಕಿ, ಗಾಂಜಾ ಗಿಡ ಸಾಕಿದ್ದಳು. ಅದಕ್ಕೆ ನಮ್ಮ ನಾದಿನಿಯ ಪುಂಡಿಯ ಹೆಸರಿಟ್ಟಿದ್ದಳು.

ಬೇರೆ ತಾಯಿಯಾಗಿದ್ದರೆ ಅದೇ ದಿನ ವಿಮಾನ ಹತ್ತಿ ಹೋಗಿ ಕೆನ್ನೆಗೆ ಎರಡು ಬಿಗಿಯುತ್ತಿದ್ದಳು. ಪೊಲೀಸರು ಬಂದರೆ ಓದಿನ ಗತಿಯೇನು, ನಾಲ್ಕು ಜನ ಏನಂದಾರು ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತು ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಬಂದದ್ದು ಒಂದೇ ಯೋಚನೆ: ಗೊತ್ತಾಯಿತು ಎಂದರೆ ಫೋನ್ ನಿಲ್ಲುತ್ತದೆ. ಫೋಟೋ ಅಳಿಸಿ ಹಾಕಿ ಮಕ್ಕಳ ಪುಸ್ತಕದ ಗಾಡಿ ತಳ್ಳಿಕೊಂಡು ಹೋದೆ.

“ಛಲೋ ಪುಂಡಿ ಅದ,” ಎಂದೆ ಸಂಜೆ. “ಕುಂಡ ದಿನಾ ಒಂದಿಷ್ಟು ತಿರುಗಿಸಿ ಇಡು. ಹೀಟರ್ ಹತ್ರ ಇಡಬ್ಯಾಡ.”

ಮುಂದಿನ ಆರು ವಾರ ನಾನು ಆ ಗಿಡಕ್ಕೆ ಚಿಕಿತ್ಸೆ ಮಾಡಿದೆ. ಸುಳ್ಳು ಹೇಳಿದೆನೆಂದಲ್ಲ, ಹೇಳಬೇಕಾದ ಒಂದನ್ನು ಬಿಟ್ಟು ಉಳಿದುದನ್ನೆಲ್ಲ ಹೇಳಿದೆ. ಗಾಳಿಯ ಬಗ್ಗೆ ಹೇಳಿದೆ, ಗೊಬ್ಬರದ ಬಗ್ಗೆ ಹೇಳಿದೆ, ಎಲೆಯ ಬೆನ್ನು ತಿರುವಿ ನುಸಿ ಹುಡುಕಲು ಹೇಳಿದೆ. ನೀರಿನ ಸುದ್ದಿ ಎತ್ತಲಿಲ್ಲ. ಅವಳು ಎರಡು ದಿನಕ್ಕೊಮ್ಮೆ, ಆಮೇಲೆ ದಿನವೂ ಫೋನ್ ಮಾಡತೊಡಗಿದಳು. ಮೊದಲು ಐದು ನಿಮಿಷ, ಆಮೇಲೆ ಅರ್ಧ ಗಂಟೆ. ಗಿಡದ ಮಾತು ಮುಗಿದ ಮೇಲೆ ಹುಳಿಗೆ ಬೇಳೆ ಎಷ್ಟು ಹಾಕಬೇಕು ಎಂದು ಕೇಳಿದಳು. ಮನೆಯಲ್ಲಿ ಜತೆಗಿರುವ ಹುಡುಗಿ ಪಾತ್ರೆ ತೊಳೆಯುವುದಿಲ್ಲ ಎಂದು ದೂರಿದಳು. ಒಂದು ದಿನ ನಕ್ಕಳು ಕೂಡ.

ಹಳದಿ ಮೇಲಿನ ಎಲೆಗೆ ಏರಿದೆ ಎಂದಳು. ಈಗ ನರ ಮಾತ್ರ ಹಸಿರು, ನಡುವೆಲ್ಲ ಹಳದಿ ಎಂದಳು. ಇನ್ನೊಂದು ವಾರ ಕಳೆದು ತುದಿ ಸುಟ್ಟಂತಾಗಿದೆ ಎಂದಳು. ನಮ್ಮ ಕಾಲೇಜಿನ ಪಾಠದಲ್ಲಿ ಒಂದಾದ ಮೇಲೊಂದು ಬರುವ ಪೋಷಕಾಂಶದ ಕೊರತೆಗಳು ಆ ಗಿಡಕ್ಕೆ ಅದೇ ಕ್ರಮದಲ್ಲಿ ಬರುತ್ತಿದ್ದವು. ಒಂದು ಗಿಡಕ್ಕೆ ಹೀಗೆಲ್ಲ ಆಗುವುದಿಲ್ಲ. ಅಷ್ಟು ಓದಿದ ನನಗೆ ಅದು ಹೊಳೆಯಬೇಕಿತ್ತು.

ಹೊಳೆಯಲಿಲ್ಲ, ಬದಲಿಗೆ ಮನಸ್ಸು ಚುಚ್ಚತೊಡಗಿತು. ಎಷ್ಟೋ ತಿಂಗಳ ಮೇಲೆ ನನಗೆ ಏನೋ ಅನ್ನಿಸಿದ್ದು ಅದೊಂದೇ. ಅವಳು ನಂಬಿ ಕೇಳುತ್ತಿದ್ದಾಳೆ, ನಾನು ಗೊತ್ತಿದ್ದೂ ಗೊತ್ತಿದ್ದೂ ಗಿಡವನ್ನು ಕೊಲ್ಲುತ್ತಿದ್ದೇನೆ ಅನ್ನಿಸಿತು. ಎಂಥ ಗಿಡವಾದರೇನು? ಜುಲೈಯಲ್ಲಿ ಅವಳಿಗೆ ರಜೆ ಬಂದಾಗ, ಸಿಡ್ನಿಗೆ ಬಾ ಎಂದು ಕರೆಯದೆ ನಾನೇ ರೊಟ್ಟಿ ಬಡಿದು ಕಟ್ಟಿಕೊಂಡು ಹೊರಟೆ. ವಿಮಾನ ನಿಲ್ದಾಣದಿಂದ ಬಸ್ಸು, ಅಲ್ಲಿಂದ ಟ್ರೇನಿನ ಕೊನೆಯ ಸ್ಟೇಷನ್. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತಟ್ಟಿದೆ.

ಮಗಳು ತೆಳ್ಳಗಾಗಿದ್ದಳು. ಜತೆಯ ಹುಡುಗಿಯರು ಊರಿಗೆ ಹೋಗಿದ್ದರು. ನಾನು ಬ್ಯಾಗು ಕೆಳಗಿಟ್ಟವಳೇ ಕೇಳಿದೆ, “ಎಲ್ಲದ ಗಿಡ?”

ಅವಳು ಕಪಾಟಿನ ಬಾಗಿಲು ತೆಗೆದಳು. ಒಳಗೆ ಕೋಟುಗಳು ತೂಗುತ್ತಿದ್ದವು. ಗಿಡವೂ ಇರಲಿಲ್ಲ, ದೀಪವೂ ಇರಲಿಲ್ಲ.

“ಇಟ್ ಡೈಡ್. ಒಂದ್ ತಿಂಗಳಾತು. ಕೊಳತು ನಾರ್ಲಿಕ್ಕೆ ಹತ್ತಿತ್ತು, ಬಿನ್‌ಗೆ ಹಾಕಿದ್ವಿ.”

“ಮತ್ತ ಮೊನ್ನೆ ತನಕಾ ಎಲಿ ತುದಿ ಸುಟ್ಟದ ಅಂತಿದ್ದಿ?”

“ಇಂಟರ್‌ನೆಟ್‌ನಾಗ ಓದಿ ಹೇಳ್ತಿದ್ದೆ.” ಅವಳು ಗೋಡೆ ನೋಡುತ್ತ ಹೇಳಿದಳು. “ಬ್ಯಾರೆ ಏನ್ ಕೇಳ್ಲಿ ನಿನಗ? ಮತ್ತ... ಅದು ಪುಂಡಿ ಅಲ್ಲ, ಅಮ್ಮಾ.”

“ಗೊತ್ತದ. ಫೋಟೋ ನೋಡಿದ ದಿನಾನೇ ಗೊತ್ತಾತು.”

“ವಾಟ್? ಯಾಕ ಬೈಲಿಲ್ಲ?”

“ಬೈದ್ರ ಫೋನ್ ಮಾಡೂದು ಬಿಡ್ತಿ ಅಂತ.” ಇನ್ನು ಉಳಿದುದನ್ನೂ ಹೇಳಿಬಿಡಬೇಕಿತ್ತು, ಹೇಳಿದೆ. “ನೀರು ಹೆಚ್ಚಾಗಿತ್ತು, ಅಷ್ಟೇ. ಮೊದಲನೇ ದಿನಾನೇ ಗೊತ್ತಿತ್ತು ನನಗ. ಹೇಳಲಿಲ್ಲ. ಅದನ್ನ ಕೊಂದಾಕಿ ನಾನು.”

ಅವಳು ನಗುತ್ತಾಳೆ ಎಂದು ಅರ್ಧ ನಂಬಿದ್ದೆ. ನಗಲಿಲ್ಲ. ಮಂಚದ ಅಂಚಿಗೆ ಕೂತಳು.

“ಗೊತ್ತಿದ್ದೂ ಹೇಳಲಿಲ್ಲ,” ಎಂದಳು. ಆಮೇಲೆ ತಲೆ ಎತ್ತಿ, “ಅಪ್ಪಂದೂ ಹಂಗೇನಾ?” ಎಂದು ಕೇಳಿದಳು.

ಒಂದು ವರ್ಷದಿಂದ ನಾನು ಎಲ್ಲರಿಗೂ ಕಾಣಲಿಲ್ಲ ಎಂದೇ ಹೇಳಿಕೊಂಡು ಬಂದಿದ್ದೆ. ಡಾಕ್ಟರಿಗೆ, ಹುಬ್ಬಳ್ಳಿಯ ನಾದಿನಿಗೆ, ನನಗೆ. ಅವಳಿಗೂ ಅದನ್ನೇ ಹೇಳಿ ಪಾರಾಗಬಹುದಿತ್ತು. ಮತ್ತೆ ಕಾಣಲಿಲ್ಲ ಎಂದರೆ ಅವಳು ನಂಬುತ್ತಿದ್ದಳೋ ಇಲ್ಲವೋ, ನನಗೆ ಮಾತ್ರ ಬಾಯಿ ಬರಲಿಲ್ಲ.

“ಒಂದು ದಿನ ಕಂಡಿತ್ತು,” ಎಂದೆ. “ಮುಂಜಾನೆ ಗಡ್ಡ ಮಾಡ್ಕೊಳ್ಳಿಕತ್ತಿದ್ರು. ಕಣ್ಣು ಹಳದಿ ಕಂಡ್ವು. ಮನಿ ದೀಪದ ಬೆಳಕು ಅಂದ್ಕೊಂಡೆ. ಹೊರಗ ಕರಕೊಂಡು ಹೋಗಿ ನೋಡಬಹುದಿತ್ತು. ನೋಡಲಿಲ್ಲ. ನೋಡಿದ್ರ ಖರೇ ಆಗ್ತದ ಅಂತ ಅಂಜಿಕಿ ಬಂತು.”

ಹೇಳಿ ಮುಗಿಸಿ ನಿಂತೆ. ಅವಳು ಎದ್ದು ಹೊರಗೆ ಹೋಗು ಎಂದಿದ್ದರೆ ಬ್ಯಾಗು ಎತ್ತಿಕೊಂಡು ಅದೇ ಟ್ರೇನಿನಲ್ಲಿ ತಿರುಗಿ ಹೋಗುತ್ತಿದ್ದೆ. ಹಾಗೆ ಹೇಳುವ ಹಕ್ಕು ಅವಳಿಗಿತ್ತು.

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕೈಯೊಳಗಿನಿಂದಲೇ ಮಾತಾಡಿದಳು. ಇಂಗ್ಲಿಷಿನಲ್ಲಿ ಶುರುಮಾಡಿ ಬಿಟ್ಟು ಕನ್ನಡಕ್ಕೆ ಬಂದಳು.

“ಅಪ್ಪ ನನಗ ಡ್ರೈವಿಂಗ್ ಕಲಸ್ತಿದ್ನಲಾ. ಏಪ್ರಿಲ್‌ನಾಗ. ಒಂದಿನ ಸನ್‌ಗ್ಲಾಸ್ ತಗದು ನನ್ ಕಡೆ ನೋಡ್ದ. ನಾನೂ ನೋಡ್ದೆ, ಅಮ್ಮಾ. ಹಳದಿ ಇತ್ತು. ಸನ್‌ಸೆಟ್ ಇರಬೇಕು ಅಂದ್ಕೊಂಡೆ. ಆಮೇಲೆ ನಿನಗಷ್ಟೇ ಕೇಳ್ದೆ, ಯಾಕ ನೋಡ್ಲಿಲ್ಲಾ ಅಂತ.”

ಏಪ್ರಿಲ್ ಎಂದರೆ ಪಾರ್ಕಿನ ಊಟಕ್ಕೆ ಐದು ವಾರ ಮೊದಲು. ಡಾಕ್ಟರು ಹೇಳಿದ ಲೆಕ್ಕಕ್ಕೆ ಸರಿಯಾಗಿ ಕೂಡುತ್ತಿತ್ತು. ಅವಳು ಕಂಡದ್ದು ನಿಜವೇ.

ನಾನು ಪಕ್ಕದಲ್ಲಿ ಕೂತು ಅವಳ ಕೈಗಳನ್ನು ಮುಖದಿಂದ ಬಿಡಿಸಿದೆ. ತಣ್ಣಗಿದ್ದವು.

“ಏಪ್ರಿಲ್‌ನಾಗ ಏನೂ ಇದ್ದಿಲ್ಲ,” ಎಂದೆ. “ಡಾಕ್ಟರ್‌ನ್ನ ನಾ ಕೇಳೀನಿ. ಅದು ಸಂಜೀ ಬಿಸಿಲೇ.”