ಮಗಳು ಹೊರದ ಅಂಬಲಿ ಗಡಿಗೆ

ಮಗಳ ಮೇಲೆ ನಾನು ದೇವರನ್ನೂ ಹೇರಲಿಲ್ಲ, ದೇವರಿಲ್ಲ ಎನ್ನುವುದನ್ನೂ ಹೇರಲಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೇನೆ. ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಎದುರು ಮಾತಾಡುವವರು ಕಡಿಮೆ. ಈಗ ನಿವೃತ್ತನಾಗಿ ಉರಿಗಾಂನ ಮನೆಯಲ್ಲಿ ಒಬ್ಬನೇ ಕೂತು ಅದನ್ನೆಲ್ಲ ನೆನೆದರೆ ನಾಚಿಕೆಯಾಗುತ್ತದೆ.

ಮಗಳಿಗೆ ಆರು ವರ್ಷವಿದ್ದಾಗ ಮೈತುಂಬ ಗುಳ್ಳೆ ಎದ್ದವು. ನಾನು ಚಿಕನ್‌ಪಾಕ್ಸ್ ಎಂದೆ, ಹೆಂಡತಿ ಅಮ್ಮ ಎಂದಳು. ಅವಳು ಬಂಗಾರಪೇಟೆ ಕಡೆಯ ಹಳ್ಳಿಯ ಒಕ್ಕಲು ಮನೆಯವಳು. ಚಾಪೆಯ ಮೇಲೆ ಬೇವಿನ ಸೊಪ್ಪು ಹಾಸಿ ಮಗುವನ್ನು ಮಲಗಿಸಿ, ಮಾರಿಯಮ್ಮನಿಗೆ ಹರಕೆ ಹೊತ್ತಳು: ಮಗು ಉಳಿದರೆ ಆಷಾಢದಲ್ಲಿ ಮಗಳೇ ತಲೆಯ ಮೇಲೆ ರಾಗಿ ಅಂಬಲಿಯ ಗಡಿಗೆ ಹೊತ್ತು ಗುಡಿಗೆ ಬಂದು, ನೆರೆದವರಿಗೆಲ್ಲ ಹುಯ್ಯುತ್ತಾಳೆ.

ಮಗು ಗುಣವಾಯಿತು, ಆಷಾಢವೂ ಬಂತು. ಹೆಂಡತಿ ಪುಟ್ಟದೊಂದು ಮಣ್ಣಿನ ಗಡಿಗೆ ತಂದು ಅರಿಶಿನ ಬಳಿದಳು. ಏನೂ ತಿಳಿಯದ ಮಗುವಿನ ತಲೆಗೆ ನಿನ್ನ ನಂಬಿಕೆ ಕಟ್ಟಬೇಡ, ದೊಡ್ಡವಳಾಗಿ ಅವಳೇ ಆರಿಸಿಕೊಳ್ಳಲಿ ಎಂದು ನಾನು ಅಡ್ಡ ನಿಂತೆ. ಅವಳು ಗಡಿಗೆಯನ್ನು ಅಟ್ಟದ ಮೇಲಿಟ್ಟು ಕಾದಳು. ಒಂದೆರಡು ದಿನವಲ್ಲ, ಹನ್ನೆರಡು ವರ್ಷ.

ಮಗಳ ಮೈ ಬೆಚ್ಚಗಾದಾಗಲೆಲ್ಲ, ಹರಕೆ ಬಾಕಿಯಿದೆಯೆಂಬ ಭಯಕ್ಕೆ ಹೆಂಡತಿಗೆ ಊಟ ಸೇರುತ್ತಿರಲಿಲ್ಲ. ಏನು, ಮಾರಿಯಮ್ಮ ನೋಟಿಸ್ ಕಳಿಸಿದಳಾ ಎಂದು ನಾನು ಚುಡಾಯಿಸುತ್ತಿದ್ದೆ. ಪಕ್ಕದ ಮನೆಯವರು ಮಗಳ ಹಣೆಗೆ ವಿಭೂತಿ ಇಟ್ಟು ಕಳಿಸಿದರೆ, ಇದ್ಯಾರಮ್ಮ ಸುಣ್ಣ ಬಳಿದವರು ಎಂದು ನಗುತ್ತಿದ್ದೆ. ಮಗು ಕೂಡಲೇ ಒರೆಸಿಕೊಳ್ಳುತ್ತಿತ್ತು. ಅದು ಬರೀ ತಮಾಷೆ ಅಂದುಕೊಂಡಿದ್ದೆ. ಪಾಠ ಅನ್ನುವುದು ಮೇಷ್ಟ್ರಾದ ನನಗೇ ಹೊಳೆಯಲಿಲ್ಲ.

ನನ್ನನ್ನಾದರೂ ಯಾರು ಕೇಳಿದ್ದರು? ಅಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕಾರ್ಮಿಕ. ಕೆಳಗೆ ಬಂಡೆ ಸಿಡಿದು ಚಿಕ್ಕಪ್ಪ ಸತ್ತ ವಾರ, ಅಪ್ಪ ಮನೆಯ ದೇವರ ಪಟಗಳನ್ನೆಲ್ಲ ಕಿತ್ತು ಹೊರಗೆ ಒಯ್ದರು. ಆಗ ನನಗೆ ಏಳು ವರ್ಷ. ನನ್ನ ನಾಸ್ತಿಕತನ ನಾನೇ ಓದಿ ಯೋಚಿಸಿ ಗಳಿಸಿದ್ದು ಎಂದು ಅರವತ್ತರವರೆಗೂ ನಂಬಿದ್ದೆ.

ಮಗಳಿಗೆ ಹದಿನೆಂಟು ತುಂಬಿದ ಮೇಲೆ ಒಂದು ಭಾನುವಾರ ಅವಳನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿದೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಯಾರ ಬಲವಂತವೂ ಇಲ್ಲ, ಗಡಿಗೆ ಹೊರುತ್ತೀಯಾ ಇಲ್ಲವಾ, ನೀನೇ ಹೇಳು ಎಂದೆ. ಅವಳು ನನ್ನ ಮುಖ ನೋಡಿದಳು. ಬೇಡಪ್ಪ ಎಂದಳು. ನೋಡಿದೆಯಾ ಎಂಬಂತೆ ನಾನು ಹೆಂಡತಿಯ ಕಡೆ ತಿರುಗಿದೆ.

"ಅವ್ಳನ್ನ ಕೇಳಿದ್ರಿ, ಸರಿ," ಎಂದಳು. "ಅರಕೆ ಒತ್ತೋಳು ನಾನು. ನನ್ನನ್ನ ಕೇಳ್ಲೇ ಇಲ್ಲ."

ಆವತ್ತು ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು.

ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದಲ್ಲಿ ಅವಳೇ ಜ್ವರದಿಂದ ಸುಡುತ್ತಿದ್ದರೂ ಮಗಳ ಹಣೆ ಮುಟ್ಟಿ ಮುಟ್ಟಿ, ನಿನಗೆ ಜ್ವರ ಇಲ್ಲ ತಾನೇ ಎಂದು ಕೇಳುತ್ತಿದ್ದಳು. ಗಡಿಗೆಯ ಮಾತು ಎತ್ತಲಿಲ್ಲ. ಆ ಭಯವನ್ನು ಅಷ್ಟು ವರ್ಷ ಅವಳಲ್ಲಿ ಉಳಿಸಿದವನು ನಾನೇ ಎಂದು ಅಲ್ಲಿ ನಿಂತಾಗ ಗೊತ್ತಾಯಿತು.

ಈ ಆಷಾಢಕ್ಕೆ ಮುಂಚೆ ಮಗಳು ಬಂದಿದ್ದಳು. ಅವತ್ತು ಯಾಕೆ ಬೇಡ ಅಂದೆ ಎಂದು ಕೇಳಿಯೇಬಿಟ್ಟೆ.

"ನಿನ್ನ ಮಖ ನೋಡ್ದೆ ಅಪ್ಪ. ಬ್ಯಾಡ ಅಂದ್ರೆ ನಿಂಗೆ ಖುಷಿಯಾಗ್ತದೆ ಅಂತ ಗೊತ್ತಾಯ್ತು. ನಂಗೆ ಏನು ಬೇಕಿತ್ತು ಅಂತ ಈಗ್ಲೂ ಗೊತ್ತಿಲ್ಲ."

ನನಗೆ ಅಳು ಬಂತು. ಹಾಗಾದರೆ ಈ ವರ್ಷ ಹೊತ್ತುಬಿಡು, ಅಂಬಲಿ ನಾನೇ ಕಾಯಿಸುತ್ತೇನೆ, ನಿಮ್ಮಮ್ಮನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಒಂದೇ ಉಸಿರಿಗೆ ಹೇಳಿದೆ. ಆತ್ಮ ಎಂಬ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. "ಈಗ್ಲೂ ಏನ್ ಮಾಡ್ಬೇಕಂತ ನೀನೇ ಏಳ್ತಾ ಇದ್ದೀಯಲ್ಲ ಅಪ್ಪ," ಎಂದಳು.

ಬಾಯಿ ಮುಚ್ಚಿಕೊಂಡೆ. ಇಪ್ಪತ್ತೈದು ವರ್ಷ ಮೊದಲೇ ಮುಚ್ಚಿಕೊಳ್ಳಬೇಕಿತ್ತು.