ದೋಣಿಯಲ್ಲಿದ್ದ ಇಬ್ಬರು

ಶಕುನ, ಕಣಿ, ದೆವ್ವ ಎಂದರೆ ನಕ್ಕುಬಿಡುತ್ತಿದ್ದ ಆಸಾಮಿ ನಾನು. ಚನ್ನಪಟ್ಟಣದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನೆರಳು ಎಲ್ಲಿಂದ ಬೀಳುತ್ತದೆಂದು ಮಕ್ಕಳಿಗೆ ಕಲಿಸುವವನು ನೆರಳಿಗೆ ಹೆದರುವುದುಂಟೇ? ಈಗ ನೀವು ನನ್ನನ್ನು ನೋಡಿ ನಕ್ಕರೂ ನನಗೆ ಬೇಸರವಿಲ್ಲ.

ಪಕ್ಕದ ಮನೆಯ ಶಬ್ಬೀರ್ ಸಾಹೇಬರು ಗೊಂಬೆ ಮಾಡುವವರು. ಅವರ ಒಬ್ಬನೇ ಮಗ ಅನ್ವರ್ ಮರದ ಪುಡಿ ಒಗ್ಗದೆ, ಕರಾವಳಿಗೆ ಹೋಗಿ ಮೀನಿನ ದೋಣಿ ಸೇರಿದ್ದ. ಅಲ್ಲಿಂದ, ಯಾರ ಕೈಲೋ ಹಲಗೆಯ ಮೇಲೆ ಬರೆಸಿದ ಚಿತ್ರವೊಂದನ್ನು ಕಳಿಸಿದ್ದ. ಕಪ್ಪು ಕಡಲು, ಎದ್ದ ಅಲೆ, ಮೂರು ದೋಣಿ. ದೊಡ್ಡ ದೋಣಿಯಲ್ಲಿ ಇಬ್ಬರು: ಮುಂದೆ ಬಲೆ ಹಿಡಿದವನು, ಹಿಂದೆ ಚುಕ್ಕಾಣಿ ಹಿಡಿದವನು. ‘ಒಬ್ಬ ನಾನು, ಇನ್ನೊಬ್ಬ ನನ್ನ ಗೆಳೆಯ’ ಎಂದಷ್ಟೇ ಕಾಗದದಲ್ಲಿತ್ತು.

ಆ ವಾರವೇ ಕಡಲಲ್ಲಿ ಬಿರುಗಾಳಿ ಎಂದು ರೇಡಿಯೋ ಹೇಳಿತು. ಅನ್ವರನ ಸುದ್ದಿಯಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದ ಸಾಹೇಬರು ನನ್ನನ್ನು ಕರೆದರು. ಅವರ ಹೆಂಡತಿ ಜುಲೇಖಾಬಿ ಊಟ ಬಿಟ್ಟು, ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

“ಮೇಷ್ಟ್ರೇ, ನೀವು ಚಿತ್ರ ಕಲ್ತೋರು. ಇದ್ರಲ್ಲಿ ನನ್ ಮಗ ಯಾವನು? ಬತ್ತಾನಾ? ಒಸಿ ನೋಡಿ ಯೋಳಿ” ಎಂದರು ಆಕೆ.

ಮುಖಗಳೆಂದರೆ ಎರಡು ಬಣ್ಣದ ಚುಕ್ಕೆ. ನನಗೇನು ಗೊತ್ತು? ಆಕೆ ಒಂದು ತುತ್ತು ತಿನ್ನಲಿ ಎಂದು ಹಿಂದಿದ್ದವನ ಮೇಲೆ ಬೆರಳಿಟ್ಟೆ. “ಚುಕ್ಕಾಣಿ ಹಿಡ್ದಿರೋನೇ ಅನ್ವರ್. ಬೆಳಕೆಲ್ಲ ಅವನ ಮೇಲೇ ಬಿದ್ದೈತೆ. ಬತ್ತಾನೆ, ನೀವು ಊಟ ಮಾಡಿ.”

ಸಾಹೇಬರಿಗೆ ಹಿಗ್ಗೋ ಹಿಗ್ಗು. “ಮಗ ಹೊಳೀಲಿ” ಎಂದು ಕೇದಗೆ ಗರಿ ತಂದು ಇಡೀ ಚಿತ್ರವನ್ನು ಉಜ್ಜಿಯೇಬಿಟ್ಟರು. ಅರಗಿನ ಬಣ್ಣದ ಗೊಂಬೆಗೆ ಹಾಗೆ ಉಜ್ಜಿದರೆ ಹೊಳಪು ಬರುತ್ತದೆ; ಜೀವಮಾನವೆಲ್ಲ ಅದನ್ನೇ ಮಾಡಿದ ಕೈ. ಆದರೆ ಇದು ಇನ್ನೂ ಪೂರ್ತಿ ಒಣಗದ ಎಣ್ಣೆಬಣ್ಣ. ಕಡಲು, ದೋಣಿ, ಬಲೆ ಎಲ್ಲ ಇದ್ದ ಹಾಗೇ ಇದ್ದವು. ಮುಂದಿದ್ದವನೊಬ್ಬ ಮಾತ್ರ ಅಳಿಸಿಹೋದ.

ಎಂಟು ದಿನಕ್ಕೆ ಅನ್ವರ್ ಬಂದ. ಚಿತ್ರ ನೋಡಿ, ಅಳಿಸಿಹೋದ ಜಾಗದ ಮೇಲೆ ಬೆರಳಿಟ್ಟ.

“ಮುಂದಿದ್ದೋನು ನಾನು ಮೇಷ್ಟ್ರೇ. ಬಲೆ ಯಾವಾಗ್ಲೂ ನಂದೇ. ಆ ಶುಕ್ರವಾರ ಮಧ್ಯಾಹ್ನ ಗೆಳೆಯ ಇದ್ದಕ್ಕಿದ್ದಂಗೆ ‘ನೀನು ಹಿಂದಕ್ಕೋಗ್ಲಾ’ ಅಂತ ಜಾಗ ಬದಲಾಯಿಸ್ಬುಟ್ಟ. ಆಮೇಲೆ ಅಲೆ ಬಂತು. ಅವನನ್ನ ಹೊತ್ಕೊಂಡೋಯ್ತು.”

ಕಾಕತಾಳೀಯ ಎನ್ನಿ. ನಾನೂ ಹಾಗೆ ಅಂದುಕೊಳ್ಳಲು ಬಹಳ ವರ್ಷ ಪ್ರಯತ್ನಪಟ್ಟೆ. ಜುಲೇಖಾಬಿ ಈಗಲೂ ಸಿಕ್ಕಾಗ ನನ್ನ ಕೈಯನ್ನು ಕಣ್ಣಿಗೊತ್ತಿಕೊಳ್ಳಲು ಬರುತ್ತಾರೆ, ನಾನು ಹಿಂದಕ್ಕೆಳೆದುಕೊಳ್ಳುತ್ತೇನೆ. ಆ ಇನ್ನೊಬ್ಬನಿಗೂ ತಾಯಿ ಇದ್ದಾಳು. ಆಕೆ ನನ್ನನ್ನು ಏನೂ ಕೇಳಿರಲಿಲ್ಲ.